ಚಂದ್ರನ ಪಾಲಾದ ಮುಷ್ಟಿ ಜೋಳ

ಧಾರವಾಡದ ಮಾಳಮಡ್ಡಿಯಲ್ಲಿ ಬಾಡಿಗೆ ಮನೆ, ಹೈಸ್ಕೂಲಿನ ವಿಜ್ಞಾನದ ಪಾಠ, ರವಿವಾರಕ್ಕೊಮ್ಮೆ ಬೋರ್ಡಿಂಗಿಗೆ ಕಾಳು ಎತ್ತಲು ಮುಗದ ಹಳ್ಳಿಯ ತಿರುಗಾಟ: ಶಾಂತಯ್ಯನವರ ಹತ್ತೊಂಬತ್ತು ವರ್ಷ ಇಷ್ಟರಲ್ಲಿಯೇ ಕಳೆದಿತ್ತು. ಶಾಲೆಯ ಉಚಿತ ಬೋರ್ಡಿಂಗು ನಡೆಯುತ್ತಿದ್ದುದು ಮುಷ್ಟಿ ಜೋಳದ ಮೇಲೆ. ಹಳ್ಳಿಯ ಹೆಣ್ಣುಮಕ್ಕಳು ದಿನವೂ ಬೀಸುವ ಮೊದಲು ಒಂದು ಹಿಡಿ ಕಾಳನ್ನು ಬೇರೆ ಗಡಿಗೆಗೆ ಹಾಕುವರು. ಬಡ ಹುಡುಗರ ರೊಟ್ಟಿಗೆಂದು ತೆಗೆದಿಟ್ಟ ಆ ಕಾಳು ತಿರುಗಿ ಮನೆಯ ಕಾಳಿನೊಡನೆ ಕೂಡುವಂತಿರಲಿಲ್ಲ. ಶಾಂತಯ್ಯನವರು ಜಂಗಮರು. ಅವರ ಚೀಲಕ್ಕೆ ಸುರಿಯುವಾಗ ಯಾರೂ ಅಳೆಯುತ್ತಿರಲಿಲ್ಲ, ಏನಾಯಿತೆಂದು ಆಮೇಲೆ ಕೇಳುತ್ತಲೂ ಇರಲಿಲ್ಲ.

ಮುಗದದಲ್ಲಿ ಕೂಲಿ ಮಾಡುವ ದಾನವ್ವ, ಬರ ಬಿದ್ದು ರೇಶನ್ನಿನ ಕೆಂಪು ಜೋಳ ತಿಂದ ವರ್ಷವೂ ಆ ಗಡಿಗೆಯನ್ನು ಬರಿದಾಗಗೊಟ್ಟವಳಲ್ಲ.

೧೯೬೯ರ ಆರಂಭದಲ್ಲಿ, ಮನುಷ್ಯ ಚಂದ್ರನಲ್ಲಿಗೆ ಹೋಗುವುದು ಖಚಿತವೆನಿಸಿದಾಗ, ಶಾಂತಯ್ಯನವರು ಬೋರ್ಡಿಂಗಿನ ಕಮಿಟಿಯ ಮುಂದೆ ಒಂದು ಮಾತಿಟ್ಟರು: ಈ ಸುಗ್ಗಿಯ ಮುಷ್ಟಿಯನ್ನು ಮಾರಿ ಮುಂಬಯಿಯಿಂದ ಹಳೆಯದೊಂದು ದುರ್ಬೀನು ತರಿಸಬೇಕು. ಒಬ್ಬ ಸದಸ್ಯರು ಹುಡುಗರ ಊಟದ ಪ್ರಶ್ನೆ ಎತ್ತಿದರು. "ಹೊಟ್ಟಿ ತುಂಬಿದ ಮ್ಯಾಲ ಮುಗಿಲ ನೋಡ್ತೇವಂದ್ರ ನಾವು ಎಂದೂ ನೋಡೂದಿಲ್ರಿ" ಎಂದರು ಶಾಂತಯ್ಯ. ಅವರ ಮಾತು ನಡೆಯಿತು. ಜೂನಿನಲ್ಲಿ ಹದಿನೆಂಟು ಹುಡುಗರ ಬದಲು ಹನ್ನೊಂದು ಹುಡುಗರನ್ನು ಸೇರಿಸಿಕೊಂಡರು. ಏಳನೆಯ ಇಯತ್ತೆ ಪಾಸಾದ ಮೊಮ್ಮಗ ಫಕೀರಪ್ಪನನ್ನು ಕರೆತಂದಿದ್ದ ದಾನವ್ವ, ಜಾಗವಿಲ್ಲವೆಂದು ಕೇಳಿ, "ಇರಲಿ ಬಿಡ್ರಿ ಅಯ್ಯಾರ, ನಿಮಗ ಗೊತ್ತಿಲ್ಲದ್ದೇನೈತಿ" ಎಂದು ಮರಳಿದಳು.

ಜುಲೈ ಇಪ್ಪತ್ತೊಂದರ ಬೆಳಿಗ್ಗೆ ರೇಡಿಯೋ ಆ ಸುದ್ದಿ ಹೇಳಿತು. ಸಂಜೆ ಊರಿನ ಗಣ್ಯರು ಶಾಲೆಯ ಮಾಳಿಗೆಗೆ ಬಂದರು. ಧಾರವಾಡದಲ್ಲಿಯೇ ಹುಟ್ಟಿ ಬೆಳೆದ ಶಾಂತಯ್ಯ, ಆಷಾಢದ ಜಡಿಮಳೆಯಲ್ಲಿ ಇಲ್ಲಿ ಸೂರ್ಯನೇ ವಾರಗಟ್ಟಲೆ ಕಾಣುವುದಿಲ್ಲ ಎಂಬುದನ್ನು ಪತ್ರಿಕೆಯ ತಾರೀಖುಗಳ ಗುಂಗಿನಲ್ಲಿ ಮರೆತಿದ್ದರು. ದುರ್ಬೀನು ಪೆಟ್ಟಿಗೆಯಿಂದ ಹೊರಬರಲಿಲ್ಲ. ಗಣ್ಯರು ಚಹಾ ಕುಡಿದು ಕೊಡೆ ಬಿಚ್ಚಿಕೊಂಡು ಹೋದರು.

ಮುಂದಿನ ರವಿವಾರ ಮುಗದದಲ್ಲಿ, ದಾನವ್ವನ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತ ಕುಳಿತಿದ್ದ ನೆರೆಮನೆಯ ಸಾವಕ್ಕ ನಕ್ಕಳು. "ಚಂದ್ರಾಮನ ಮ್ಯಾಲ ಮಂದಿ ಇಳಿದಾರಂತ ಅಯ್ಯಾರ. ಇನ್ನ ಅಲ್ಲಿಗೂ ಮುಷ್ಟಿ ಎತ್ತಾಕ ಹೋಗವ್ರೇನು?"

"ಬಾಳ ರೊಕ್ಕ ಹತ್ತಿರಬೇಕಲ್ರಿ?" ಎಂದಳು ದಾನವ್ವ. "ಯಾರ ರೊಕ್ಕ ಅದು?"

"ಅವರ ದೇಶದ ಮಂದೀದು" ಎಂದರು ಶಾಂತಯ್ಯ.

"ಆ ಮಂದೀನ ಕೇಳಿ ತಗೊಂಡಾರೇನು?"

ಶಾಂತಯ್ಯನವರು ಚೀಲವನ್ನು ಕೆಳಗಿಟ್ಟರು. ನಕ್ಕು ತಪ್ಪಿಸಿಕೊಳ್ಳಬಹುದಿತ್ತು.

"ದಾನವ್ವಾ, ಹ್ವಾದ ಸುಗ್ಗಿ ಮುಷ್ಟಿ ಮಾರಿ ನಾವೊಂದು ದುರ್ಬೀನು ತಂದೇವಿ. ಫಕೀರಪ್ಪಗ ಜಾಗಾ ಇಲ್ಲದ್ದು ಅದಕ್ಕ."

ಸಾವಕ್ಕನ ಮೊರದ ಸಪ್ಪಳ ನಿಂತಿತು.

"ಅದರಾಗ ಏನ್ ಕಾಣತೈತ್ರಿ?" ದಾನವ್ವ ಕೇಳಿದಳು.

"ಚಂದ್ರನ ಮ್ಯಾಲಿನ ಗುಡ್ಡ, ತಗ್ಗು."

"ನೋಡಿದ್ರ ಹುಡುಗರಿಗೆ ಛಲೋ ಆಗತೈತೇನು?"

"ಆಗತೈತಿ ಅಂತ ನಾ ಈಗೂ ನಂಬೇನಿ."

"ಇರಬೋದು. ಕೇಳಿದ್ರ ನಾನೂ ಹೂಂ ಅಂತಿದ್ನೋ ಏನೋ. ಕೇಳಲಿಲ್ಲಲ್ರಿ ನೀವು."

"ಫಕೀರಪ್ಪನ್ನ ಕಳಸು. ನನ್ನ ಮನ್ಯಾಗ ಉಂಡು ಸಾಲಿ ಕಲೀಲಿ."

"ಗೌಡರ ದನಾ ಕಾಯಾಕ ನಿಂತಾನ್ರಿ. ಅವನ ವರ್ಷದ ಕೂಲಿ ಕಾಳು ಮೊದಲಽ ತಂದು ಉಣ್ಣಾಕತ್ತೇವಿ."

ಅವಳು ಒಳಗೆ ಹೋಗಿ ಗಡಿಗೆ ತಂದು ಚೀಲಕ್ಕೆ ಸುರಿದಳು. "ತೆಗೆದಿಟ್ಟದ್ದನ್ನ ಮನ್ಯಾಗ ಕೂಡಸಾಕ ಬರೂದಿಲ್ಲ. ಒಯ್ರಿ. ಇದಾದ್ರೂ ರೊಟ್ಟಿ ಆಗ್ಲಿ." ಅನಂತರ ಗಡಿಗೆಯನ್ನು ತೊಳೆದು, ಸಾವಕ್ಕನ ಕಣ್ಣೆದುರೇ ಗೋಡೆಯ ಬದಿಗೆ ಬೋರಲು ಹಾಕಿದಳು.

ಮುಂದಿನ ರವಿವಾರ ಏಳು ಮನೆಗಳಲ್ಲಿ ಗಡಿಗೆ ಬೋರಲಾಗಿತ್ತು. ಶ್ರಾವಣ ಮುಗಿಯುವುದರೊಳಗೆ ಇಡೀ ಓಣಿಯಲ್ಲಿ. ಯಾರೂ ಬಿರುಸು ಮಾತು ಆಡಲಿಲ್ಲ. ಕುಳ್ಳಿರಿಸಿ ನೀರು ಕೊಟ್ಟು, "ಈ ವಾರ ಇಲ್ರಿ ಅಯ್ಯಾರ" ಎನ್ನುತ್ತಿದ್ದರು.

ದೀಪಾವಳಿಯ ಹೊತ್ತಿಗೆ ಹನ್ನೊಂದರಲ್ಲಿ ಐವರು ಹುಡುಗರನ್ನು ಊರಿಗೆ ಕಳಿಸಬೇಕಾಯಿತು. ಅವರ ಟ್ರಂಕುಗಳನ್ನು ಸ್ಟೇಶನ್ನಿನವರೆಗೆ ಶಾಂತಯ್ಯನವರೇ ಒಂದೊಂದಾಗಿ ಹೊತ್ತುಕೊಂಡು ಹೋದರು.