ಪುಣೆಯ ವೇಗ ಮತ್ತು ಹೊತ್ತು ಮುಳುಗುವ ಮುಂಚಿನ ಊಟ

“ಹುಡುಗಿ ಶಾಣ್ಯಾಕಿ ಖರೆ, ಆದರ ಪುಣೆದ ಸ್ಪೀಡ್ ತಡಕೊಳ್ಳಲಿಲ್ಲ. ವರ್ಷ ತುಂಬೂದರಾಗ ವಾಪಸ್ ಬಂದ್ಲು.”

ನನ್ನ ತಮ್ಮನ ಮಗಳ ವಿಷಯದಲ್ಲಿ ಸಾಂಗ್ಲಿ, ಮಿರಜದ ನಮ್ಮ ಬಳಗವೆಲ್ಲ ಹೇಳುವ ಮಾತು ಇದು. ಮದುವೆಮನೆಯಲ್ಲಿ, ಬಸದಿಯ ಕಟ್ಟೆಯ ಮೇಲೆ, ಅರಿಷಿಣದ ಪೇಟೆಯಲ್ಲಿ ಅದೇ ವಾಕ್ಯ. ಹೇಳುವವರಲ್ಲಿ ಒಬ್ಬರೂ ಆಕೆಯ ಕಚೇರಿಯ ಮೆಟ್ಟಿಲು ಹತ್ತಿದವರಲ್ಲ. ನಾನು ಹತ್ತಿದ್ದೇನೆ. ಶಾಲೆಯನ್ನು ಬೇಗನೆ ಬಿಟ್ಟು, ಓದಿದ್ದನ್ನೆಲ್ಲ ಸ್ವಂತವಾಗಿಯೇ ಓದಿಕೊಂಡವನು ನಾನು. ನಾಲ್ಕು ಜನ ಹೇಳಿದರೆಂಬ ಕಾರಣಕ್ಕೆ ನಂಬುವ ಚಟ ನನಗೆ ಅಂಟಲಿಲ್ಲ.

ಅದು ಕಟ್ಟಡಗಳ ನಕ್ಷೆ ತಯಾರಿಸುವ ಕಚೇರಿ. ಕಳೆದ ಚಳಿಗಾಲದಲ್ಲಿ ಆಕೆಯ ತಾಯಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯೊಂದಿಗೆ ಮಿರಜದಿಂದ ರೈಲು ಹಿಡಿದು ಹೋಗಿದ್ದೆ. ಬಂದವರು ಕೂರುವ ಸೋಫಾದಲ್ಲಿ ನನ್ನನ್ನು ಕೂರಿಸಿದರು. ಮಧ್ಯಾಹ್ನದಿಂದ ಅಲ್ಲಿಯೇ ಕುಳಿತು, ಜನ ಪೂಜಿಸುವ ಆ ವೇಗವನ್ನು ಕಣ್ಣಾರೆ ಕಂಡೆ. ಕಿವಿಗೆ ವೈರು ತುರುಕಿಕೊಂಡ ತರುಣರು ಕಾಫಿಯ ಯಂತ್ರದತ್ತ ಧಾವಿಸುತ್ತಿದ್ದರು, ಅಷ್ಟೇ ಅವಸರದಿಂದ ಮರಳುತ್ತಿದ್ದರು. ಒಬ್ಬ ಇನ್ನೊಬ್ಬನಿಗೆ ‘ಅರ್ಜಂಟ್’ ಎನ್ನುತ್ತಿದ್ದ. ಆತ ಅದನ್ನೇ ಮೂರನೆಯವನಿಗೆ ದಾಟಿಸುತ್ತಿದ್ದ. ನನ್ನ ಎದುರಿನ ಪರದೆಯ ಮೇಲಿನ ನಕ್ಷೆಗೆ ಮಾತ್ರ ಸಂಜೆಯವರೆಗೆ ಒಂದು ಗೆರೆಯೂ ಸೇರಲಿಲ್ಲ. ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದವರು ನಮ್ಮ ಹುಡುಗಿ ಮತ್ತು ಆಕೆಯ ಪಕ್ಕದವಳು. ಮುಖ್ಯಸ್ಥ ಬಂದದ್ದು ಬಿಸಿಲು ಇಳಿದ ಮೇಲೆ.

ನಮ್ಮ ಜೈನ ಮನೆಗಳಲ್ಲಿ ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ನಾನು ಆ ನಿಯಮ ಬಿಟ್ಟು ಬಹಳ ಕಾಲವಾಯಿತು; ಅದರ ಪರ ವಕಾಲತ್ತು ವಹಿಸುವ ಗರಜು ನನಗಿಲ್ಲ. ಆಕೆ ಬಿಟ್ಟಿಲ್ಲ, ಅಷ್ಟೇ. ಕೆಲಸ ಮುಗಿಸಿ, ಕೂತಲ್ಲಿಯೇ ಡಬ್ಬಿ ಬಿಚ್ಚಿದಳು.

“ಕಾಯ್ ಆಜಿ, ಸೂರ್ಯಾಸ್ತ ಝಾಲಾ ಕಾ?” ಎಂದ ಮುಖ್ಯಸ್ಥ, ಎಲ್ಲರಿಗೂ ಕೇಳುವಂತೆ. ಏನಜ್ಜಿ, ಸೂರ್ಯಾಸ್ತವಾಯಿತೇ ಎಂದು.

ಸೂರ್ಯಾಸ್ತಕ್ಕೆ ಇನ್ನೂ ಹೊತ್ತಿದೆ, ನಿಮ್ಮ ಸೂರ್ಯೋದಯ ಮಾತ್ರ ಈಗಾಯಿತು ಎಂದು ಆಕೆಯೂ ಮರಾಠಿಯಲ್ಲಿಯೇ ಹೇಳಿ, ತುತ್ತು ಮುರಿದಳು. ಪಕ್ಕದವಳು ನಕ್ಕಳು. ಮುಖ್ಯಸ್ಥ ನಗಲಿಲ್ಲ.

ಆಮೇಲೆ ಶುರುವಾಯಿತು ಮೀಟಿಂಗು. ಹಗಲಿನಲ್ಲಿ ಮಾಡದ್ದನ್ನು ರಾತ್ರಿಯವರೆಗೆ ಒಬ್ಬರಿಗೊಬ್ಬರು ವಿವರಿಸುವ ಈ ಸಮಾರಂಭಕ್ಕೆ ವೇಗವೆಂದು ಹೆಸರಿಟ್ಟವರ ಧೈರ್ಯವನ್ನು ಮೆಚ್ಚಬೇಕು. ನಮ್ಮ ಹುಡುಗಿ ಅದಕ್ಕೆ ಕೂರದೆ ನನ್ನೊಂದಿಗೆ ಹೊರಟಳು; ದಿನವೂ ಕೆಲಸ ಮುಗಿಸಿ ಹೀಗೆಯೇ ಏಳುತ್ತಿದ್ದಳಂತೆ. ವರ್ಷದ ಕೊನೆಗೆ, ವೇಗಕ್ಕೆ ಹೊಂದಿಕೊಳ್ಳುವ ಗುಣ ಈಕೆಗಿಲ್ಲವೆಂದು ಮುಖ್ಯಸ್ಥ ತೀರ್ಪು ಕೊಟ್ಟ. ಆಕೆ ಕೆಲಸ ಬಿಟ್ಟಳು.

ಈಗ ಪುಣೆಯದೇ ಇನ್ನೊಂದು ಕಚೇರಿ ಆಕೆಯನ್ನು ಕರೆದಿದೆ. ನನ್ನ ತಮ್ಮ ಬೇಡವೆಂದು ಕುಳಿತ.

“ಅಣ್ಣಾ, ನಿಮಗೇನ ಗೊತ್ತರಿ? ಒಮ್ಮೆ ಸೋತ ಬಂದಾಳ, ಮತ್ತ ಯಾಕ ಕಳಸೂದು? ಇಲ್ಲೇ ಕುಪವಾಡದಾಗ ಒಂದು ನೌಕರಿ ನೋಡೂಣಂತ. ಆವಾಗನ ಹೇಳಿದ್ನಿ, ರಾತ್ರಿ ಉಂಡ್ರ ಅಲ್ಲಿ ಯಾರ ನೋಡತಾರ ಅಂತ.”

ಚಾತುರ್ಮಾಸದಲ್ಲಿ ಬಸದಿಯಲ್ಲಿ ನಾಲ್ವರಿಗೆ ಕಾಣುವಂತೆ ಇದೇ ವ್ರತ ಹಿಡಿಯುವ ಗೃಹಸ್ಥನ ಮಾತು ಇದು!

“ನೋಡಾಕ ಯಾರಿಲ್ಲದಾಗ ಬಿಡೂದಾದ್ರ, ಬಸದ್ಯಾಗ ಹಿಡದದ್ದು ಏನಪಾ?” ಎಂದೆ.

ಹುಡುಗಿ ಒಳಗಿನಿಂದ ಬಂದಳು. “ಅಪ್ಪಾ, ನಾ ಸೋತ ಬಂದಿಲ್ಲ. ದಿನಾ ಕೆಲಸ ಮುಗಿಸೇ ಎದ್ದೇನಿ. ದೊಡ್ಡಪ್ಪ ನೋಡ್ಯಾರ, ಕೇಳ್ರಿ.”

“ನಿಮ್ಮ ದೊಡ್ಡಪ್ಪ ಹುಟ್ಟಿದಾಗಿಂದ ಊರಿಗೆಲ್ಲ ಉಲ್ಟಾ ಹೇಳಾವ್ರು!”

“ಹಂಗಾದ್ರ ನನ್ನ ಮಾತ ನಂಬಬ್ಯಾಡ,” ಎಂದೆ. “ಹೋಗಿ ಆ ಆಫೀಸಿನ ಬಾಗಲಾ ನೋಡಿ ಬಾ.”

ತಮ್ಮ ಹೋಗಲಿಲ್ಲ. ಹುಡುಗಿ ಹೋದಳು, ಹೊಸ ಕೆಲಸಕ್ಕೆ. ಮಿರಜದ ನಿಲ್ದಾಣಕ್ಕೆ ಆಕೆಯ ಚೀಲ ಹೊತ್ತವನು ನಾನು. ಬಳಗ ಈಗಲೂ ಹಳೆಯ ವಾಕ್ಯವನ್ನೇ ಹೇಳುತ್ತದೆ. ಅನುಮಾನವಿದ್ದವರು ಪುಣೆಗೆ ಹೋದಾಗ ಆ ಹಳೆಯ ಕಚೇರಿಯ ಮೆಟ್ಟಿಲು ಹತ್ತಲಿ. ಗಾಜಿನ ಬಾಗಿಲಿನ ಮೇಲೆ, ಹಿಡಿಕೆಯ ಪಕ್ಕದಲ್ಲಿ, ಕಚೇರಿಯವರೇ ಅಂಟಿಸಿದ ಬಿಳಿ ಅಕ್ಷರಗಳಿವೆ: ಕಚೇರಿಯ ವೇಳೆ, ಬೆಳಿಗ್ಗೆ ಹತ್ತರಿಂದ ಸಂಜೆ ಆರು.