ಇಡ್ಲಾ ಎಂದು ಕೇಳುವವರು

ನಮ್ಮ ಮನೆಯ ಹಾಲಿನ ಪಾತ್ರೆಯ ತಳದಲ್ಲಿ ಒಂದು ಬಿಲ್ಲೆ ಇರುತ್ತದೆ. ಅಂಗೈಯಗಲದ, ಅಂಚು ಕೊಂಚ ಮೇಲೆದ್ದ, ಒಂದು ಕಡೆ ಸಣ್ಣ ಕಚ್ಚು ಹಾಕಿದ ಸ್ಟೀಲಿನ ತಟ್ಟೆ ಅದು. ಪಾತ್ರೆ ಅಂಗಡಿಗಳಲ್ಲಿ ಸೌಟು ಜರಡಿಗಳ ನಡುವೆ ತೂಗುಹಾಕಿರುವುದನ್ನು ನೀವೂ ಕಂಡಿರಬಹುದು. ಹಾಲು ಕಾಯುವ ತನಕ ಅದು ಮೂಗಿ. ಉಕ್ಕುವ ಹೊತ್ತಿಗೆ ಮಾತ್ರ ತಳದಲ್ಲಿ ಕಟಕಟನೆ ಕುಣಿದು, ಆಚೆಯ ಕೋಣೆಯಲ್ಲಿ ಮೈಮರೆತವರನ್ನು ಕೂಗಿ ಕರೆಯುತ್ತದೆ. ಅದಕ್ಕೆ ಬರುವುದು ಒಂದೇ ಮಾತು, ಆ ಮಾತಿಗಿರುವುದು ಒಂದೇ ಅರ್ಥ: ಎದ್ದು ಬಾ. ಇಂಥ ಜೋಡಿ ಬಿಲ್ಲೆ ಕೊಂಡು ತಂದು, ಒಂದನ್ನು ತಾವಿಟ್ಟುಕೊಂಡು ಇನ್ನೊಂದನ್ನು ನನಗೆ ಕೊಟ್ಟವರು ಮೇಲಿನ ಮಹಡಿಯ ಗಿರಿಜಕ್ಕ. ಮುಂಬಯಿಯ ಆಂಟಾಪ್ ಹಿಲ್ಲಿನ ನಮ್ಮ ಹಳೆಯ ಬಿಲ್ಡಿಂಗಿನಲ್ಲಿ ಉಡುಪಿ ಕಡೆಯವರೆಂದರೆ ಈಗ ನಾವಿಬ್ಬರೇ. ಬಂದರಿನಲ್ಲಿ ಗುಮಾಸ್ತರಾಗಿದ್ದ ಗಂಡ ತೀರಿಹೋದ ಮೇಲೆ ಅವರ ಹೆಸರಿನಲ್ಲಿ ಬರುವ ಪಿಂಚಣಿಯೇ ಆಕೆಯ ಆಧಾರ.

ನನ್ನ ಕೆಲಸವೂ ಮಾತಿನದೇ. ಕನ್ನಡದಲ್ಲಿ ಎಂ.ಎ. ಮಾಡಿದ ನನಗೆ ಮುಂಬಯಿ ಕೊಟ್ಟ ಅನ್ನ ಇದು: ವಿಲೆ ಪಾರ್ಲೆಯ ಒಂದು ಆಫೀಸಿನಲ್ಲಿ ಕೂತು, ಯಂತ್ರವೊಂದು ಫೋನಿನಲ್ಲಿ ಆಡಬೇಕಾದ ವಾಕ್ಯಗಳನ್ನು ಬರೆಯುವುದು. ಸಾಲ, ವಿಮೆ, ಪಿಂಚಣಿಗಳ ಲೆಕ್ಕದ ವ್ಯವಸ್ಥೆಗಳಿಗೆ ಜನರಿಂದ ಉತ್ತರ ಬೇಕು. ಆ ಉತ್ತರ ಕಥೆಯಾಗಿ ಹರಿಯದೆ ಅಚ್ಚಿನಲ್ಲಿ ಎರೆದಂತೆ ಬಂದು ಬೀಳಬೇಕು. ಆದ್ದರಿಂದ ಸಂಭಾಷಣೆಯನ್ನೇ ಮರದಂತೆ ಬರೆಯುತ್ತೇವೆ. ಹೌದೆಂದರೆ ಈ ಕೊಂಬೆ, ಇಲ್ಲವೆಂದರೆ ಆ ಕೊಂಬೆ, ಎರಡೂ ಅಲ್ಲದ ಏನನ್ನಾದರೂ ಹೇಳಿದರೆ ‘ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ’ ಎಂಬ ವಿನಯದೊಂದಿಗೆ ಮತ್ತದೇ ಪ್ರಶ್ನೆಯ ಬುಡಕ್ಕೆ. ಕುಕ್ಕರಿನ ಸೀಟಿ, ಪಾತ್ರೆಯ ಸದ್ದು, ಪಕ್ಕದ ಮನೆಯ ಜಗಳಗಳನ್ನೆಲ್ಲ ಸೋಸಿ ತೆಗೆದು, ಮಾತನ್ನಷ್ಟೇ ಯಂತ್ರದ ಕಿವಿಗೆ ಬಿಡುವುದು ನಮ್ಮ ಆಫೀಸಿನವರು ಬಹಳ ಹೆಮ್ಮೆಪಡುವ ಜಾಣತನ.

ಆ ಮರಗಳನ್ನು ಬಿಡಿಸುವವನು ಅಮೇಯ, ನನ್ನ ಪಕ್ಕದ ಮೇಜಿನವನು. ಮಧ್ಯದಲ್ಲಿ ಯಾರಿಗಾದರೂ ಎದ್ದುಹೋಗಬೇಕೆನಿಸಿದರೆ ಅದಕ್ಕೊಂದು ಕೊಂಬೆ ಬೇಡವೇ ಎಂದು ಒಮ್ಮೆ ಅವನನ್ನು ಕೇಳಿದ್ದೆ.

“ಅರೆ ಸುಮಾ, ಲಾಲ್ ಬಟನ್ ಹೈ ನಾ! ಕಟ್ ಮಾಡ್ತಾರೆ. ಅದಕ್ಕೂ ಡೈಲಾಗ್ ಬೇಕಾ ನಿಮ್ಮ ಕನ್ನಡದವರಿಗೆ?” ಎಂದು ನಕ್ಕಿದ್ದ.

ಬೇಕು. ನಮ್ಮ ಕಡೆಯವರ ಫೋನಿನ ಮಾತನ್ನು ನೀವು ಕೇಳಿಸಿಕೊಂಡಿದ್ದರೆ ನಿಮಗೆ ಗೊತ್ತು. ಮತ್ತೆಂತ ವಿಶೇಷ, ಮತ್ತೆಂತ ಇಲ್ಲ, ಇಡ್ಲಾ ಹಾಗಾದ್ರೆ, ಹಾಂ ಇಡು, ಅಮ್ಮನಿಗೆ ಹೇಳು, ಹೇಳ್ತೇನೆ, ಇಡ್ಲಾ, ಇಡು. ಈ ಪ್ರದಕ್ಷಿಣೆ ಮುಗಿಯದೆ ಯಾರೂ ಫೋನ್ ಇಡುವುದಿಲ್ಲ. ಆಚೆಯವರ ಅಪ್ಪಣೆಯಿಲ್ಲದೆ ಇಡುವುದೆಂದರೆ, ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯುವ ಮೊದಲೇ ಎಲೆಯ ಮುಂದಿನಿಂದ ಏಳುವಷ್ಟು ದೊಡ್ಡ ಅಸಭ್ಯತೆ. ಕೆಂಪು ಗುಂಡಿ ಎಲ್ಲರ ಫೋನಿನಲ್ಲೂ ಇದೆ, ನಿಜ. ಅದನ್ನು ಒತ್ತುವ ಬೆರಳನ್ನು ಬೆಳೆಸಿದ್ದು ಮಾತ್ರ ಬೇರೆ ಬೇರೆ ಮನೆಗಳು.

ಒಂದು ಸಂಜೆ ಪಾರ್ಲೆ ಮಾರ್ಕೆಟ್ಟಿನಿಂದ ಗಿರಿಜಕ್ಕನಿಗೆ ಪತ್ರೊಡೆಗೆಂದು ಕೆಸುವಿನ ಎಲೆ ಹಿಡಿದು ಬಂದೆ. ಮೆಟ್ಟಿಲಲ್ಲೇ ಗ್ಯಾಸಿನ ವಾಸನೆ ಬಡಿಯಿತು. ನಮ್ಮ ಬಿಲ್ಡಿಂಗಿನಲ್ಲಿ ಅದೇನೂ ಹೊಸತಲ್ಲ. ಗಾಳಿ ತಿರುಗಿದರೆ ಚೆಂಬೂರಿನ ಆಚೆಯ ಕಾರ್ಖಾನೆಗಳ ದಿಕ್ಕಿನಿಂದ ಎಂಥೆಂಥದೋ ನಾತ ಬರುತ್ತದೆ, ನಾವು ಮೂಗು ಉಜ್ಜಿಕೊಂಡು ನಮ್ಮ ಕೆಲಸ ನೋಡುತ್ತೇವೆ. ಎರಡೂ ಕೈಯಲ್ಲಿ ಚೀಲವಿದ್ದುದರಿಂದ ಎಂದಿನಂತೆ ಮೊಣಕೈಯಿಂದಲೇ ಬೆಲ್ ಒತ್ತಲು ವಾಲಿದೆ. ಮೊಣಕೈ ಗುಂಡಿಯನ್ನು ತಾಗಿತ್ತು. ಇನ್ನು ಒತ್ತುವುದಷ್ಟೇ ಬಾಕಿ.

ಆಗ ಒಳಗಿನಿಂದ ಗಿರಿಜಕ್ಕನ ದನಿ ಕೇಳಿತು: “ಇಡ್ಲಾ ಸಾರ್? ಒಲೆಯಲ್ಲಿ ಹಾಲುಂಟು.”

ಯಾರಾದರೂ ಫೋನಿನಲ್ಲಿರುವಾಗ ಬೆಲ್ ಒತ್ತಬಾರದೆಂದು ಮೊಣಕೈಯನ್ನು ಹಿಂದಕ್ಕೆಳೆದುಕೊಂಡೆ. ಆ ಬೆಲ್ಲಿನ ಡಬ್ಬಿ ಇರುವುದು ಅವರ ಅಡುಗೆಮನೆಯ ಬಾಗಿಲಿನ ನೆತ್ತಿಯ ಮೇಲೆ. ಒತ್ತಿದಾಗ ಅದರಲ್ಲಿ ಹಾರುವ ಒಂದು ಕಿಡಿ ಸಾಕಿತ್ತು. ಓದುವ ಗೆಳೆಯರೇ, ಈ ಬರಹವೆಲ್ಲ ಆ ಮೊಣಕೈಯ ಸುತ್ತಲೇ ಸುತ್ತುತ್ತಿದ್ದರೆ ಕ್ಷಮಿಸಿ. ಲೋಕಲ್‌ನಲ್ಲಿ ಪಕ್ಕದವರ ಚೀಲ ತಾಗಿದರೂ ನನ್ನ ಕೈ ಈಗ ತಾನಾಗಿ ಎದೆಗೆ ಮಡಚಿಕೊಳ್ಳುತ್ತದೆ.

ನನ್ನಲ್ಲಿದ್ದ ಅವರ ಮನೆಯ ಕೀಲಿಯಿಂದ ಬಾಗಿಲು ತೆರೆದೆ. ವಾಸನೆ ಮುಖಕ್ಕೆ ಹಾಯ್ದು ಉಸಿರು ಕಟ್ಟಿತು. ಕಿಟಕಿಗಳೆಲ್ಲ ಮುಚ್ಚಿ, ಫ್ಯಾನ್ ನಿಲ್ಲಿಸಿ, ಟ್ಯೂಬ್‌ಲೈಟಿನ ಕೆಳಗೆ ಕುರ್ಚಿಯಲ್ಲಿ ಗಿರಿಜಕ್ಕ ಕೂತಿದ್ದರು: ಇಸ್ತ್ರಿಯ ಸೀರೆ, ಬಾಚಿದ ತಲೆ, ಮಡಿಲಲ್ಲಿ ಕೈ, ಮುಂದೆ ಅವಲಕ್ಕಿ ಡಬ್ಬಕ್ಕೆ ಒರಗಿಸಿದ ಫೋನು. ನನ್ನನ್ನು ಕಂಡು ಕಣ್ಣಲ್ಲೇ ಗದರಿ, ಅಂಗೈ ಎತ್ತಿ ತಡೆದರು. ಫೋನಿನೊಳಗಿನ ಮೃದುವಾದ ಗಂಡುದನಿ ಹೇಳುತ್ತಿತ್ತು: “ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ದಯವಿಟ್ಟು ಕುಳಿತಲ್ಲಿಂದ ಏಳಬೇಡಿ. ನೀವು ಜೀವಂತವಾಗಿದ್ದೀರಿ ಎಂದು ದೃಢಪಡಿಸಲು, ಹೌದು ಎಂದು ಹೇಳಿ.”

ಅದು ಪಿಂಚಣಿಯವರ ಯಂತ್ರ. ಪಿಂಚಣಿ ಪಡೆಯುವವರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ತೋರಿಸಿಕೊಳ್ಳಬೇಕಲ್ಲ, ಆ ಕೆಲಸವನ್ನು ಈಗ ಅದು ಮಾಡುತ್ತದೆ. ಮುಖ ನೋಡಿ, ದನಿ ಕೇಳಿ, ಪ್ರಶ್ನೆಗಳನ್ನು ಸಾಲಾಗಿ ಮುಗಿಸಿ, ಬದುಕನ್ನು ಲೆಕ್ಕಕ್ಕೆ ಸೇರಿಸುತ್ತದೆ. ಸದ್ದು ಬಾರದಂತೆ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ ಕೂರಬೇಕೆಂದು ಮೊದಲೇ ಹೇಳುತ್ತದೆ. ಮಧ್ಯದಲ್ಲಿ ಎದ್ದರೆ ಎಲ್ಲ ಮೊದಲಿನಿಂದ. ಆ ವಾಕ್ಯಗಳು ನನ್ನವಲ್ಲ, ನಮ್ಮ ಆಫೀಸಿನವೂ ಅಲ್ಲ. ಆದರೆ ನನ್ನವಾಗಿರಬಹುದಿತ್ತು, ಅಷ್ಟು ಅಚ್ಚುಕಟ್ಟಾದ ಕನ್ನಡ.

ನಾನು ಅಡುಗೆಮನೆಗೆ ಓಡಿದೆ. ಉಕ್ಕಿದ ಹಾಲು ಒಲೆಯ ಮೈತುಂಬ ಹರಿದು ಉರಿಯನ್ನು ನಂದಿಸಿತ್ತು. ಬರ್ನರಿನಿಂದ ಗ್ಯಾಸು ಹಾವಿನಂತೆ ಬುಸುಗುಡುತ್ತಿತ್ತು. ಒಲೆಯ ಗುಂಡಿ ತಿರುಗಿಸಿ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಕೆಳಗಿನ ಸಾವಂತ್ ಕಾಕುವಿಗೆ ಮೇನ್ ಸ್ವಿಚ್ ತೆಗೆಯುವಂತೆ ಕೂಗಿದೆ. “ಅಗೊ ಬಾಯಿ, ಗ್ಯಾಸ್! ಗ್ಯಾಸ್!” ಎಂದು ಆಕೆ ಮೀಟರುಗಳ ಕಡೆ ಓಡಿದ್ದು ಕೇಳಿತು. ಟ್ಯೂಬ್‌ಲೈಟ್ ಆರಿತು. ಮಸುಕಿನಲ್ಲಿ ಬೆಳಗುತ್ತಿದ್ದ ಫೋನಿನ ಎದುರು ಗಿರಿಜಕ್ಕ ಇನ್ನೂ ಕೂತೇ ಇದ್ದರು. ನಾನು ಕೆಂಪು ಗುಂಡಿ ಒತ್ತಿ, ಅವರ ರಟ್ಟೆ ಹಿಡಿದು ಮೆಟ್ಟಿಲಿಗೆ ಎಳೆತಂದೆ.

“ಕಟ್ ಮಾಡಿದೆಯಾ? ಅರ್ಧ ಮಾತಲ್ಲಿ? ಅವರು ಎಂತ ತಿಳ್ಕೊಳ್ಳಲಿಕ್ಕಿಲ್ಲ ಮಾರಾಯ್ತಿ!”

“ಅವರಲ್ಲ ಅಕ್ಕ, ಅದು. ಅದು ಮಿಷಿನು. ಮನೆಯಿಡೀ ಗ್ಯಾಸು ತುಂಬಿದೆ, ನಿಮಗೆ ವಾಸನೆ ಬರ್ಲಿಲ್ವಾ?”

“ಆ ಕೊರೊನಾದ ಮೇಲೆ ನನಗೆ ಮಲ್ಲಿಗೆಯೂ ಒಂದೇ, ಗಟಾರವೂ ಒಂದೇ. ನಿನಗೆ ಗೊತ್ತಿಲ್ವಾ?”

“ಬಿಲ್ಲೆಯ ಸದ್ದಾದರೂ?”

“ಅದು ಕೇಳಿತು.” ದನಿ ತಗ್ಗಿತು. “ತುಂಬ ಹೊತ್ತು ಬಡ್ಕೊಂಡಿತು. ನಾನು ಹೇಳಿದೆ, ಹಾಲು ಉಕ್ತಾ ಉಂಟು ಸಾರ್, ಒಂದು ನಿಮಿಷ, ಇಡ್ಲಾ ಅಂತ. ಅವರು ಅರ್ಥ ಆಗಲಿಲ್ಲ ಅಂದರು. ಮತ್ತೆ ಹೇಳಿದೆ. ಆಮೇಲೆ ಅದೇ ಸುಮ್ಮನಾಯಿತು. ಹಾಲು ಹೋದರೆ ಹೋಯಿತು ಅಂತ ಕೂತೆ. ನಡುವೆ ನಡುವೆ ಕೇಳ್ತಾ ಇದ್ದೆ.”

ಸುಮ್ಮನಾದದ್ದು ಉರಿ ಆರಿದ್ದರಿಂದ. ನಾನು ಮತ್ತೆ ಮತ್ತೆ ಕೇಳಿಸಿಕೊಳ್ಳುವುದು ಆ ಮೌನವನ್ನೇ. ಆ ಕೋಣೆಯಲ್ಲಿ ಇಬ್ಬರು ಗಿರಿಜಕ್ಕನನ್ನು ಮಾತಾಡಿಸುತ್ತಿದ್ದರು. ಒಬ್ಬ ಏಳಬೇಡಿ ಎಂದ, ಇನ್ನೊಂದು ಏಳು ಎಂದಿತು. ಒಬ್ಬನ ಮಾತಿನಲ್ಲಿ ವಿನಯವಿತ್ತು, ವ್ಯಾಕರಣವಿತ್ತು, ಅಧಿಕಾರವಿತ್ತು. ಬಿಲ್ಲೆಯ ಬಳಿ ಸತ್ಯವೊಂದೇ ಇತ್ತು. ಆ ಸತ್ಯವನ್ನು ಯಂತ್ರ ಅಡುಗೆಮನೆಯ ಗದ್ದಲವೆಂದು ಸೋಸಿ ಚೆಲ್ಲಿರಬೇಕು, ನಾವೂ ಹಾಗೆಯೇ ಮಾಡುತ್ತೇವೆ. ನೀವು ಜೀವಂತವಿದ್ದೀರಾ ಎಂದು ಅದು ಬಿಡದೆ ಕೇಳುತ್ತಿತ್ತು, ಕೇಳುತ್ತಲೇ ಆ ಜೀವದ ಸುತ್ತ ಬಾಗಿಲು ಕಿಟಕಿ ಮುಚ್ಚಿಸಿ ಕೂರಿಸಿತ್ತು. ಇದರಲ್ಲಿ ಯಾರಿಗೂ ದುರುದ್ದೇಶವಿರಲಿಲ್ಲ. ಬೈಯೋಣವೆಂದರೆ ಎದುರಿಗೆ ಒಂದು ಮುಖವೂ ಇಲ್ಲ.

ಸಾವಂತ್ ಕಾಕು ಮಾತ್ರ ಮೆಟ್ಟಿಲ ಮೇಲೆ ಕೂತು, ಉಸಿರು ತಿರುಗಿದ ಮೇಲೆ, ತನ್ನ ಮರಾಠಿಯಲ್ಲಿ ಹೇಳಿದ್ದು ಹೀಗೆ: “ಯಮ ಬಂದೇ ಬಂದಿದ್ದ. ಫೋನ್ ಎಂಗೇಜ್ ಇತ್ತಂತ ವಾಪಸ್ ಹೋದ.” ಗಿರಿಜಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ನನಗೆ ನಗು ಬರಲಿಲ್ಲ.

ಮರುದಿನ ಅವರ ವಾದವೇ ಬೇರೆಯಾಗಿತ್ತು. “ಮುಸ್ಸಂಜೆಗೆ ದೇವರ ದೀಪ ಹಚ್ಚದೆ ನಾನು ಒಂದು ದಿನ ಕೂತದ್ದುಂಟಾ? ನಿನ್ನೆ ಕಡ್ಡಿಪೆಟ್ಟಿಗೆ ತೆಗೆದಿಟ್ಟು, ಏಳ್ಳಿಕ್ಕೆ ಹೋದೆ. ಅವ ಏಳಬೇಡಿ ಅಂದ. ಎದ್ದು ಕಡ್ಡಿ ಗೀರಿದ್ದರೆ? ನಿನ್ನ ಮಿಷಿನಿಗೆ ಪುಣ್ಯ ಬರಲಿ.”

ಯಾವ ಮರ್ಯಾದೆ ಆಕೆಯನ್ನು ಸಾವಿನ ನಡುವೆ ಕೂರಿಸಿತೋ ಅದೇ ಮರ್ಯಾದೆ ಕಡ್ಡಿಪೆಟ್ಟಿಗೆಯಿಂದ ದೂರವಿಟ್ಟಿತು, ಅದೇ ನನ್ನ ಮೊಣಕೈಯನ್ನೂ ಹಿಂದಕ್ಕೆಳೆಯಿತು. ಉಳಿದದ್ದು ಉಳಿಯಿತು, ಅಷ್ಟೇ. ಅದರಿಂದ ನೀತಿ ಹಿಂಡಲು ಹೋದರೆ ಕೈಗೆ ಏನೂ ಹತ್ತುವುದಿಲ್ಲ. ಆಫೀಸಿನಲ್ಲಿ ಅಮೇಯನಿಗೆ ಎಲ್ಲವನ್ನೂ ಹೇಳಿದೆ. ಅವನು ಈ ಸಲ ನಗಲಿಲ್ಲ. “ಕ್ಲೈಂಟ್ ಕೇಳಿದರೆ ಆ ಕೊಂಬೆ ಸೇರಿಸಬಹುದು” ಎಂದ. ಯಾರೂ ಇನ್ನೂ ಕೇಳಿಲ್ಲ.

ಸಂಭಾಷಣೆ ಅರ್ಧಕ್ಕೆ ನಿಂತದ್ದರಿಂದ ಗಿರಿಜಕ್ಕ ಬದುಕಿರುವುದು ಸಾಬೀತಾಗಿರಲಿಲ್ಲ. ಮತ್ತೊಮ್ಮೆ ಕೂರಲೇಬೇಕಾಯಿತು; ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಈ ಸಲ ಬೆಳಗ್ಗೆ. ಸಿಲಿಂಡರ್ ಬಂದ್ ಮಾಡಿ, ತೊಳೆದ ಬಿಲ್ಲೆಯನ್ನು ಕೈಯಲ್ಲಿ ಹಿಡಿದು, ಫೋನಿನ ಕಣ್ಣಿಗೆ ಬೀಳದಂತೆ ನಾನು ನೆಲದ ಮೇಲೆ ಕೂತೆ. ಅದೇ ಸೀರೆ, ಅದೇ ಡಬ್ಬ, ಅದೇ ಮೃದುವಾದ ದನಿ. ಗಿರಿಜಕ್ಕ ಎಲ್ಲದಕ್ಕೂ ಹೌದು ಎಂದರು, ಒಂದು ಮಾತನ್ನೂ ಸೇರಿಸಲಿಲ್ಲ. “ಧನ್ಯವಾದಗಳು. ನೀವು ಜೀವಂತವಾಗಿರುವುದು ದಾಖಲಾಗಿದೆ” ಎಂದು ಹೇಳಿ ಅದು ತಾನಾಗಿಯೇ ಕಡಿದುಕೊಂಡಿತು.

ಗಿರಿಜಕ್ಕ ಏಳಲಿಲ್ಲ. ಕಪ್ಪಾದ ಗಾಜಿನ ಕಡೆ ತುಸು ಬಗ್ಗಿ, “ಇಡ್ಲಾ ಸಾರ್?” ಎಂದರು. ಕಾದರು.

ಯಾರಾದರೂ ಹೇಳಲೇಬೇಕಿತ್ತು. “ಇಡಿ ಅಕ್ಕ” ಎಂದೆ.

ಆಗ ಎದ್ದರು. ಸಿಲಿಂಡರ್ ತೆರೆದು, ಒಲೆ ಹಚ್ಚಿ ಹಾಲಿಟ್ಟು, ಹಿಂದಿರುಗಿ ನೋಡದೆ ನನ್ನ ಕಡೆ ಕೈ ಚಾಚಿದರು. ಹಿಡಿದೂ ಹಿಡಿದೂ ಬೆಚ್ಚಗಾಗಿದ್ದ ಬಿಲ್ಲೆಯನ್ನು ಆ ಕೈಗಿಟ್ಟೆ. ಅದು ಪಾತ್ರೆಯ ತಳಕ್ಕೆ ಇಳಿಯಿತು. ಬಿಲ್ಲೆ ಬಾಯಿ ತೆರೆಯುವವರೆಗೆ ನಾವಿಬ್ಬರೂ ಒಲೆಯ ಮುಂದೆಯೇ ನಿಂತಿದ್ದೆವು.