ನೀರೆಮ್ಮೆ ಗಾಡಿಯ ಕೆರಿಯಪ್ಪ

ನನಗೆ ಕಾಯುವುದೆಂದರೆ ಆಗದು. ಬಸ್ಸಿಗೆ ಕಾಯುವ ಬದಲು ನಾಲ್ಕು ಮೈಲಿ ನಡೆದುಬಿಡುವ ಜಾಯಮಾನ ನನ್ನದು. ಅಂಥವನನ್ನು ಮೂರು ವರ್ಷ ಹಿನ್ನೀರಿನ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂರಿಸಿ ಕಾಯಿಸಿದವನು ಕೆರಿಯಪ್ಪ. ಅವನ ಬಗ್ಗೆ ಬರೆಯಲು ಕೂತರೆ ಈಗಲೂ ಮೊದಲು ಬರುವುದು ಸಿಟ್ಟು. ಪ್ರೀತಿ ಅದರ ಹಿಂದೆಯೇ ಬರುತ್ತದೆ, ಅದು ಬೇರೆ ಮಾತು.

ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತು, ತುಮರಿ, ಬ್ಯಾಕೋಡು ಕಡೆಯ ಊರುಗಳೆಲ್ಲ ಆಚೆ ದಡವಾಗಿಹೋದ ಹೊಸತು ಅದು. ಲಾಂಚು ಇನ್ನೂ ಬಂದಿರಲಿಲ್ಲ. ಆಗ ತೀರ್ಥಹಳ್ಳಿಯ ಮಂಜಯ್ಯನವರು ಮಿಲಿಟರಿ ಹರಾಜಿನಲ್ಲಿ ಒಂದು ವಿಚಿತ್ರ ಜೀಪು ಹಿಡಿದು ತಂದರು. ಯುದ್ಧಕಾಲದ ಗಾಡಿ. ತಳ ದೋಣಿಯ ಹಾಗೆ, ಹಿಂಭಾಗದಲ್ಲಿ ನೀರು ತಳ್ಳುವ ರೆಕ್ಕೆ, ಕೆಳಗೆ ನಾಲ್ಕು ಚಕ್ರ. ರಸ್ತೆಯಲ್ಲಿ ಓಡಿ ಬಂದು ನೀರಿಗಿಳಿದು, ಈಜಿ, ಆಚೆ ದಡ ಹತ್ತಿ ಮತ್ತೆ ಓಡುತ್ತಿತ್ತು. ಜನ ಅದಕ್ಕೆ ನೀರೆಮ್ಮೆ ಅಂತ ಹೆಸರಿಟ್ಟರು. ಅದರ ಡ್ರೈವರು ನಾನು, ವಿಘ್ನೇಶ್ವರ ಭಟ್ಟ. ಮಂತ್ರ ಬಾಯಿಗೆ ಹತ್ತದೆ ಸ್ಟೇರಿಂಗು ಹಿಡಿದವನು. ರಿಪೇರಿಗೆ ಸಾಗರದ ಕೆರಿಯಪ್ಪ. ಅವನು ಮೊದಲು ಎತ್ತಿನ ಗಾಡಿಗಳನ್ನು ಸರಿಮಾಡುತ್ತಿದ್ದವನಾದ್ದರಿಂದ ಜೀಪಿನ ಚಕ್ರದ ನಡುಭಾಗಕ್ಕೂ ಗಾಡಿಯವರ ಹಾಗೆ ‘ಗುಂಬ’ ಎಂದೇ ಹೇಳುತ್ತಿದ್ದ.

ನೀರೆಮ್ಮೆಯ ರೋಗವೆಲ್ಲ ಆ ಗುಂಬದಲ್ಲೇ ಇತ್ತು. ಅದರೊಳಗೆ ಬೇರಿಂಗು, ಬೇರಿಂಗಿಗೆ ಗ್ರೀಸು, ಹೊರಗಿನಿಂದ ನೀರು ಬಾರದ ಹಾಗೆ ಒಂದು ಚರ್ಮದ ಬಳೆ. ಆದರೂ ನೀರು ಹೋಗುತ್ತಿತ್ತು. ನಾಲ್ಕು ಸಲ ಹೊಳೆ ದಾಟಿ ಬಿಚ್ಚಿದರೆ ಒಳಗಿನ ಗ್ರೀಸು ಮಜ್ಜಿಗೆಯ ಬಣ್ಣಕ್ಕೆ ತಿರುಗಿರುತ್ತಿತ್ತು. ಆವಿನಹಳ್ಳಿ ಹತ್ತಿರ ಒಮ್ಮೆ ಬೇರಿಂಗು ತುಕ್ಕು ಹಿಡಿದು, ಕಾದು, ಚಕ್ರ ಕಚ್ಚಿಕೊಂಡು ನಿಂತೇಬಿಟ್ಟಿತು. ಮರುದಿನ ಮಧ್ಯಾಹ್ನ ಬೇರೆ ಬೇರಿಂಗು ಸಿಗುವವರೆಗೆ ನಾವು ರಸ್ತೆ ಬದಿಯಲ್ಲೇ ಬಿದ್ದಿದ್ದೆವು. ಮಂಜಯ್ಯನವರು ಇನ್ನೊಂದು ಸಲ ಹೀಗಾದರೆ ಗಾಡಿಯನ್ನು ಗುಜರಿಗೆ ಹಾಕುತ್ತೇನೆ ಎಂದರು.

ಕೆರಿಯಪ್ಪ ಎರಡು ದಿನ ಗುಂಬ ಬಿಚ್ಚುತ್ತಾ ಜೋಡಿಸುತ್ತಾ ಕಳೆದ. ಮೂರನೆಯ ದಿನ ಮನೆಯಿಂದ ಒಂದು ಕರಟ ತುಂಬ ಮುರುಗಲ ತುಪ್ಪ ತಂದ. ಮುರುಗಲ ಬೀಜದಿಂದ ತೆಗೆದ ಆ ಗಟ್ಟಿ ತುಪ್ಪವನ್ನು ಅವನ ಹೆಂಡತಿ ರಂಗಮ್ಮ ಒಡೆದ ಹಿಮ್ಮಡಿಗೆ ಹಚ್ಚಲು ಇಟ್ಟುಕೊಂಡಿದ್ದಳು.

“ಗದ್ದೆ ಕೆಸರಲ್ಲಿ ದಿನಗಟ್ಲೆ ನಿಂತ್ರೂ ಇದು ಹಚ್ಚಿದ ಕಾಲಿಗೆ ನೀರು ಹತ್ತಲ್ಲ ಭಟ್ರೇ. ಬೇರಿಂಗಿಗೆ ಹತ್ತುತ್ತಾ?” ಎಂದ.

ಗ್ರೀಸು ತೆಗೆದು ನಾಲ್ಕೂ ಗುಂಬಕ್ಕೆ ತುಪ್ಪ ತುಂಬಿದ. ನಾನೂ ದಡ್ಡ, ಹೌದೆಂದು ತಲೆಯಾಡಿಸಿದೆ. ಮಂಜಯ್ಯನವರನ್ನು ಕೂರಿಸಿಕೊಂಡು ಹೊರಟೆವು. ಹತ್ತು ಮೈಲಿ ಓಡುವಷ್ಟರಲ್ಲಿ ಗುಂಬ ಕಾಯಿತು, ತುಪ್ಪ ಕರಗಿತು, ಕರಗಿದ್ದು ಪಕ್ಕದ ಬ್ರೇಕಿಗೆ ಇಳಿಯಿತು. ಹೊಳೆಯ ಇಳಿಜಾರಿನಲ್ಲಿ ನಾನು ಬ್ರೇಕಿನ ಮೇಲೆ ನಿಂತರೂ ನೀರೆಮ್ಮೆ ನಿಲ್ಲಲಿಲ್ಲ. ದೋಣಿ ಕಾಯುತ್ತಿದ್ದವರನ್ನೆಲ್ಲ ಚದುರಿಸಿ, ಮಂಜಯ್ಯನವರನ್ನೂ ಅವರ ಬಿಚ್ಚಿದ ಕೊಡೆಯನ್ನೂ ಹೊತ್ತುಕೊಂಡು ದಬಾರನೆ ನೀರಿಗೆ ಹಾರಿತು. ಪುಣ್ಯಕ್ಕೆ ಅದು ಈಜುವ ಗಾಡಿ. ಕೆರಿಯಪ್ಪ ಅವರ ಒದ್ದೆ ಪೇಟವನ್ನು ಹಿಂಡುತ್ತಾ, “ನಾಳೆಯಿಂದ ಒಳಗೆ ಗ್ರೀಸೇ ಹಾಕ್ತೀನಿ ಅಯ್ಯ. ತುಪ್ಪ ಚರ್ಮದ ಬಳೆಗೆ ಮಾತ್ರ” ಎಂದ. ಅಷ್ಟು ಮೆಲ್ಲಗೆ ಹೇಳಿದನೆಂದರೆ ಮಂಜಯ್ಯನವರಿಗೆ ನಗು ಬಂದುಬಿಟ್ಟಿತು.

ತುಪ್ಪ ಕುಡಿದ ಚರ್ಮ ಮೆತ್ತಗಾಗಿ ಒತ್ತಿ ಕೂತುಕೊಂಡಿತು. ನೀರು ಕಡಿಮೆಯಾಯಿತು, ನಿಲ್ಲಲಿಲ್ಲ. ಅದನ್ನು ನಿಲ್ಲಿಸಿದವಳು ರಂಗಮ್ಮ. ಒಂದು ಬೆಳಿಗ್ಗೆ ನಾನು ಅವರ ಜಗಲಿಯಲ್ಲಿ ಕಾಫಿ ಕುಡಿದು, ಬಿಸಿ ಲೋಟವನ್ನು ಒದ್ದೆ ಕಟ್ಟೆಯ ಮೇಲೆ ಬೋರಲು ಹಾಕಿದೆ. ಸ್ವಲ್ಪ ಹೊತ್ತಿಗೆ ಅದು ಕಟ್ಟೆಗೆ ಕಚ್ಚಿಕೊಂಡಿತು; ಎತ್ತಿದರೆ ಒಳಗೆ ನೀರು.

“ಬಿಸಿ ಲೋಟ ತಣ್ಣೀರಲ್ಲಿ ಬೋರಲು ಹಾಕಿದ್ರೆ ನೀರು ಎಳ್ಕಳ್ದೆ ಇನ್ನೆಂತ ಮಾಡ್ತದೆ?” ಎಂದಳು ರಂಗಮ್ಮ, ನನ್ನನ್ನು ಗದರಿಸುತ್ತಾ.

ಕೆರಿಯಪ್ಪ ತಿನ್ನುತ್ತಿದ್ದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಎದ್ದು ನಿಂತ. ರಸ್ತೆಯಲ್ಲಿ ಓಡಿ ಕಾದ ಗುಂಬವನ್ನು ನಾವು ಒಮ್ಮೆಲೇ ತಣ್ಣೀರಿಗೆ ಇಳಿಸುತ್ತಿದ್ದೆವು. ಅದೂ ಎಳೆದುಕೊಳ್ಳುತ್ತಿತ್ತು.

ಅವತ್ತಿನಿಂದ ನನ್ನ ಕರ್ಮ ಶುರುವಾಯಿತು. ದಡಕ್ಕೆ ಬಂದ ಕೂಡಲೇ ಗಾಡಿ ನಿಲ್ಲಬೇಕು. ಕೆರಿಯಪ್ಪ ಇಳಿದು, ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ ಒಂದು ಕವಳ ಹಾಕುವನು. ಅದು ಪೂರಾ ಮುಗಿದ ಮೇಲೆ ನಾಲ್ಕೂ ಗುಂಬ ಮುಟ್ಟಿ ನೋಡುವನು. ಜ್ವರ ಬಿಟ್ಟ ಹಣೆಯ ಹಾಗಿದ್ದರೆ ನೀರಿಗೆ. ಇಲ್ಲದಿದ್ದರೆ ಇನ್ನೊಂದು ಕವಳ. ಅಮಲ್ದಾರರು ಕಾದರು, ಮದುಮಗನ ದಿಬ್ಬಣ ಕಾದಿತು. ನಾನು ಬೈದರೆ, “ಆತುರಗಾರನಿಗೆ ಬುದ್ಧಿ ಮಟ್ಟ ಭಟ್ರೇ” ಎಂದು ಉಗುಳಿ ಬರುತ್ತಿದ್ದ. ಆದರೆ ಆಮೇಲೆ ಗುಂಬದೊಳಗೆ ಮಜ್ಜಿಗೆ ಕಾಣಲಿಲ್ಲ ಎಂಬುದನ್ನೂ ಒಪ್ಪಲೇಬೇಕು.

ಅರವತ್ತೇಳರ ದೀಪಾವಳಿ ಕಳೆದ ವಾರ ರಂಗಮ್ಮ ಬ್ಯಾಕೋಡಿನ ಹತ್ತಿರದ ತವರಿಗೆ ಹೋಗಿದ್ದಳು. ಒಂದು ಬೆಳಿಗ್ಗೆ ಅವಳ ತಮ್ಮ ಹೂವಪ್ಪ ದೋಣಿ ದಾಟಿ ಸಾಗರಕ್ಕೆ ಓಡಿ ಬಂದ. ಅಕ್ಕನಿಗೆ ಮೂರು ದಿನದಿಂದ ಹೊಟ್ಟೆನೋವು, ಈಗ ಜ್ವರ ಏರಿದೆ, ಏಳಲು ಆಗುತ್ತಿಲ್ಲ ಎಂದ. ನಾನು ಗಾಡಿಯನ್ನು ಹುಚ್ಚನ ಹಾಗೆ ಓಡಿಸಿದೆ. ದಡ ಬಂತು. ಕೆರಿಯಪ್ಪ ಇಳಿದು ಸಂಚಿ ಬಿಚ್ಚಿದ.

“ನಿಂಗೆ ಮನುಷ್ಯತ್ವ ಇದ್ದೋ ಇಲ್ಯೋ ಮಾರಾಯ! ಅಲ್ಲಿರೋದು ನಿನ್ನ ಹೆಂಡ್ತಿ!” ಎಂದು ಕಿರುಚಿದೆ.

“ಆಚೆ ದಡಕ್ಕೆ ಹೋಗದು ದೊಡ್ಡದಲ್ಲ ಭಟ್ರೇ. ಅವಳನ್ನ ಕರ್ಕಂಡು ಸಾಗರ ಮುಟ್ಬೇಕಲ್ಲ. ದಾರೀಲಿ ಚಕ್ರ ಕಚ್ಚಿದ್ರೆ?”

ನನಗೆ ಆವಿನಹಳ್ಳಿ ನೆನಪಾಯಿತು. ಸುಣ್ಣ ಹಚ್ಚುವಾಗ ಅವನು ಒತ್ತಿದ ಭರಕ್ಕೆ ಎಲೆ ಹರಿಯಿತು.

ಹೊಳೆ ದಾಟಿ, ತವರಿನಿಂದ ರಂಗಮ್ಮನನ್ನು ಚಾಪೆಯ ಮೇಲೆ ಮಲಗಿಸಿಕೊಂಡು ಆಚೆ ದಡದ ನೀರಂಚಿಗೆ ವಾಪಸು ಬರುವಷ್ಟರಲ್ಲಿ ಗುಂಬ ಮತ್ತೆ ಕಾದಿತ್ತು. ಕೆರಿಯಪ್ಪ ಒಂದು ಕೈಯನ್ನು ಗುಂಬದ ಮೇಲಿಟ್ಟ. ಇನ್ನೊಂದನ್ನು ರಂಗಮ್ಮನ ಹಣೆಯ ಮೇಲಿಟ್ಟ. ಎರಡೂ ಸುಡುತ್ತಿದ್ದವು. ಅವನ ಮುಖವೇ ಬದಲಾಯಿತು.

“ಇಳಿಸಿ ಭಟ್ರೇ. ಕಾಯದೆಲ್ಲ ಬ್ಯಾಡ. ಇಳಿಸಿ ನೀರಿಗೆ!”

ಮೂರು ವರ್ಷದಿಂದ ಕೇಳಬೇಕೆಂದಿದ್ದ ಮಾತು ಅದು. ಕೇಳಿದಾಗ ಅದು ಬೇಡವೆನಿಸಿತು. ಆದರೂ ಗಾಡಿ ಶುರುಮಾಡಿದೆ.

“ಕವಳ ಹಾಕಿದ್ರಾ?” ಚಾಪೆಯ ಮೇಲಿನಿಂದ ರಂಗಮ್ಮನ ದನಿ ಬಂತು.

“ಈಗೆಂತ ಕವಳ ಮಾರಾಯ್ತಿ!”

“ಗಾಡಿ ನಿಲ್ಸಿ ಭಟ್ರೇ. ಸಂಚಿ ಇತ್ಲಾಗೆ ಕೊಡಿ.”

ಮಲಗಿದಲ್ಲೇ, ಹಲ್ಲು ಕಚ್ಚಿ ನೋವು ನುಂಗುತ್ತಾ, ಅವಳು ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿ ಗಂಡನ ಕೈಗೆ ಕೊಟ್ಟಳು. “ಅಗೀರಿ. ಅದು ಮುಗಿಯೋವರ್ಗೂ ನಾನೆಲ್ಲೂ ಹೋಗಲ್ಲ.”

ಅವನು ಅಗಿದ. ಕಣ್ಣಿಂದ ನೀರು ಸುರಿಯುತ್ತಿತ್ತು, ಅವಸರದಲ್ಲಿ ನುಂಗದೆ ಅಗಿದ. ನಾನು ಇಳಿದು ಹೋಗಿ ಮೊದಲ ಸಲ ಗುಂಬದ ಮೇಲೆ ಕೈ ಇಟ್ಟು, ಅದು ತಣ್ಣಗಾಗುವವರೆಗೂ ತೆಗೆಯದೆ ನಿಂತೆ. ಅಷ್ಟು ಉದ್ದದ ಹೊತ್ತನ್ನು ನನ್ನ ಜನ್ಮದಲ್ಲಿ ಕಂಡಿಲ್ಲ.

ಹೊಳೆ ದಾಟಿದೆವು. ಆವಿನಹಳ್ಳಿ ದಾಟಿದೆವು. ನಾಲ್ಕೂ ಚಕ್ರ ಬೆಣ್ಣೆಯ ಹಾಗೆ ತಿರುಗಿದವು. ಸಾಗರದ ಆಸ್ಪತ್ರೆಯಲ್ಲಿ ಡಾಕ್ಟರು ಕೂಡಲೇ ಆಪರೇಶನ್ ಮಾಡಿದರು. “ನಾಳೆ ತಂದಿದ್ದರೆ ನಾನೇನೂ ಮಾಡುವ ಹಾಗಿರಲಿಲ್ಲ” ಎಂದರು. ಅಷ್ಟು ಹೊತ್ತೂ ಕೆರಿಯಪ್ಪ ಆಸ್ಪತ್ರೆಯ ಅಂಗಳದಲ್ಲೇ ಜಾಕ್ ಕೊಟ್ಟು ಒಂದೊಂದೇ ಗುಂಬ ಬಿಚ್ಚಿದ. ಸುಮ್ಮನೆ ಕೂರಲು ಅವನಿಂದ ಆಗಲಿಲ್ಲ.

ರಂಗಮ್ಮನಿಗೆ ಎಚ್ಚರವಾದಾಗ ನಾವಿಬ್ಬರೂ ಮಂಚದ ಪಕ್ಕದಲ್ಲಿದ್ದೆವು.

“ಬಿಚ್ಚಿ ನೋಡಿದ್ರಾ?” ಎಂದಳು.

“ನೋಡ್ದೆ. ಒಂದು ಹನಿ ನೀರಿಲ್ಲ.” ಅವನು ಗ್ರೀಸು ಮೆತ್ತಿದ ಕೈಗಳನ್ನು ನೋಡುತ್ತಾ ನಿಂತ. “ನಾ ಅವಸರ ಮಾಡ್ದೆ ಕಣೆ. ನಿನ್ನ ಮಾತು ಕೇಳದೆ ಇಳಿಸಿಬಿಟ್ಟಿದ್ರೆ...”

“ಮಾಡಿದ್ರೆ ಮಾಡಿದ್ರಿ ಬಿಡಿ,” ಎಂದಳು ರಂಗಮ್ಮ ಕಣ್ಣು ಮುಚ್ಚಿಕೊಂಡೇ. “ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ನನ್ನ ಸಲುವಾಗಿ ಅವಸರ ಮಾಡಿದ್ದು ಅದೊಂದೇ ಸಲ. ನಂಗೆ ಅಷ್ಟು ಸಾಕು.”

ಕೆರಿಯಪ್ಪ ಮಂಚದ ಮೇಲೆ ತಲೆಯಿಟ್ಟ. ನಾನು ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಅವನು ಬರುವವರೆಗೆ ಎಷ್ಟು ಹೊತ್ತಾದರೂ ಕಾಯುವುದೆಂದು ಕೂತೆ.